ಓಕ್ ಮರದೊಳಗಿಂದ ಕಾಣದ್ದು

ಬ್ರಷಿ ಫೋರ್ಕ್ ಕಣಿವೆ,
ಉತ್ತರ ಕೆರೊಲೈನಾ
ಜೂನ್ ತಿಂಗಳ ಎರಡನೆಯ ಭಾನುವಾರ, ೧೮೬೪

ನನ್ನ ಮಿಂಡಿ,

ನಿನ್ನ ಕಾಗದ ಬಂತು. ಹೆಣ್ಣುಮಗು, ತಲೆ ತುಂಬ ಕೂದಲು, ನಿನ್ನ ಅಪ್ಪನದೇ ಗದ್ದ ಎಂದು ಓದಿ ಒಲೆಯ ಮುಂದೆ ಕೂತಲ್ಲೇ ಒಬ್ಬಳೇ ನಕ್ಕೆ. ಆ ಗದ್ದ ಬಂದಿದ್ದರೆ ಹಟವೂ ಬಂದಿರುತ್ತದೆ, ಈಗಲೇ ಹೇಳಿಬಿಟ್ಟಿದ್ದೇನೆ. ಅಳಿಯ ಐಸಮ್ ಬೆಟ್ಟ ದಾಟಿ ಟೆನೆಸ್ಸಿಗೆ ಬಂದು ಸೇರಿದ, ಜ್ವರ ಇಳಿದಿದೆ, ಮಗುವನ್ನು ಎತ್ತಿಕೊಂಡ ಎನ್ನುವ ಸಾಲನ್ನು ಮತ್ತೆ ಮತ್ತೆ ಓದಿದೆ. ನಿನ್ನ ಚಿಕ್ಕಮ್ಮನ ಮನೆಯಲ್ಲಿ ನೀವು ಮೂವರೂ ಒಂದೇ ಸೂರಿನಡಿ ಇದ್ದೀರಿ ಎನ್ನುವುದೇ ನನಗೆ ಸಾಕಾಗಿತ್ತು.

ಆದರೆ ಕಾಗದ ತಿರುಗಿಸಿದೆ. ಹಿಂಬದಿಯಲ್ಲಿ ನೀನು ಬರೆದಿದ್ದೆ: ಜುಬಲ್ ನನ್ನ ಪಾಲಿಗೆ ಸತ್ತ, ನಿನಗೊಬ್ಬ ಸೋದರಮಾವ ಇದ್ದಾನೆ ಅಂತ ನನ್ನ ಮಗಳಿಗೆ ಯಾರೂ ಹೇಳಕೂಡದು.

ನೀನು ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಅವನಿಗೆ ಮಾತು ಬಂದಾಗ ನನ್ನನ್ನು ಕರೆಯುವ ಮೊದಲು ನಿನ್ನನ್ನು ಕರೆದ.

ಐಸಮ್ ನಿನಗೆ ಏನು ಹೇಳಿದ್ದಾನೆಂದು ತಿಳಿಯಿತು. ಅವನು ದಿಣ್ಣೆಯ ಮೇಲಿನ ಕಪ್ಪು ಓಕ್ ಮರದ ಪೊಟರೆಯಲ್ಲಿ ಅಡಗಿದ್ದನಂತೆ. ಮರಕುಟಿಗ ಕೊರೆದ ತೂತಿನಲ್ಲಿ ನೋಡಿದನಂತೆ. ಕಾವಲು ಪಡೆಯ ಕುದುರೆಗಳು ನಮ್ಮ ಅಂಗಳಕ್ಕೆ ಬಂದಾಗ ಎಲ್ಲರಿಗಿಂತ ಮುಂದೆ ಇದ್ದವನು ಜುಬಲ್ ಅಂತೆ. ಆಮೇಲೆ ಕೋವಿ ಹಿಡಿದು ನೇರ ಮರದ ಬುಡಕ್ಕೇ ಬಂದವನೂ ಜುಬಲ್ ಅಂತೆ. ದೇವರೇ ಅವನ ಕಣ್ಣು ಕಟ್ಟಿ ನನ್ನನ್ನು ಉಳಿಸಿದ ಎಂದು ಹೇಳಿದ್ದಾನೆ.

ಐಸಮ್ ಸುಳ್ಳು ಹೇಳುವವನಲ್ಲ. ಕಂಡದ್ದನ್ನೇ ಹೇಳಿದ್ದಾನೆ. ಆದರೆ ಮರಕುಟಿಗನ ತೂತಿನಲ್ಲಿ ನಮ್ಮ ಅಂಗಳವೆಲ್ಲ ಕಾಣುವುದಿಲ್ಲ. ಕಾಣದೆ ಉಳಿದದ್ದನ್ನು ನಾನು ಬರೆಯುತ್ತೇನೆ. ಮಗುವಿಗೆ ಹಾಲು ಕೊಟ್ಟು ಮಲಗಿಸಿ, ಸಾವಕಾಶವಾಗಿ ಓದು.

ಐಸಮ್ ಬಂದ ದಿನ ಬೆಟ್ಟದ ತುದಿಯಲ್ಲಿ ಇನ್ನೂ ಹಿಮ ಬೆಳ್ಳಗೆ ಉಳಿದಿತ್ತು. ನಾನು ಹಿತ್ತಿಲಲ್ಲಿ ಕಾಡು ಈರುಳ್ಳಿ ಕೀಳುತ್ತಿದ್ದೆ. ತಲೆ ಎತ್ತಿದರೆ ಬೇಲಿಯಾಚೆ ಉತ್ತರದ ಸೈನ್ಯದವರ ನೀಲಿ ಕೋಟು. ಆಮೇಲೆ ಕೋಟಿನೊಳಗಿನ ಮುಖದ ಗುರುತು ಸಿಕ್ಕಿತು. ಕೆಮ್ಮುತ್ತಿದ್ದ, ಕಣ್ಣು ಕೆಂಪಾಗಿತ್ತು.

"ಅತ್ತೆ, ಹೊರಡಿ," ಅಂದ, ನಿಂತ ಕಾಲಲ್ಲೇ. "ಮಿಂಡಿ ಹಟ ಹಿಡಿದವ್ಳೆ. ಹೆರಿಗೆಗೆ ಅವ್ವ ಬರ್ಲೇಬೇಕಂತೆ. ರಜೆ ತಗೊಂಡು ಬಂದಿದೀನಿ."

"ನಿನಗೇನು ಬುದ್ಧಿ ಕೆಟ್ಟಿದ್ಯಾ? ಆ ಕೋಟು ಹಾಕ್ಕೊಂಡು ಈ ಕಣಿವೆಗೆ ಇಳಿದಿದೀಯಲ್ಲ!"

"ಇದಿಲ್ದಿದ್ರೆ ಬೆಟ್ಟದ ಮೇಲೇ ಮರಗಟ್ಟಿ ಬಿದ್ದಿರ್ತಿದ್ದೆ ಅತ್ತೆ."

ಒಳಗೆ ಕರೆದು ಮಜ್ಜಿಗೆ ಕೊಟ್ಟೆ, ಜೋಳದ ರೊಟ್ಟಿ ಕೊಟ್ಟೆ. ಈ ಮೊಣಕಾಲು ಇಟ್ಟುಕೊಂಡು ನಾನು ಆ ಬೆಟ್ಟ ಹತ್ತಲಾರೆ ಎಂದರೆ, ಹೊತ್ತುಕೊಂಡು ಹೋಗುತ್ತೇನೆ ಅಂದ. "ಹಂದಿಮರಿ ಹೊರೋಕೆ ಉಸ್ಸಪ್ಪ ಅನ್ನೋನು ನೀನು, ಅತ್ತೇನ ಹೊರ್ತೀಯಾ?" ಅಂದೆ. ನಗಲು ಹೋಗಿ ಕೆಮ್ಮಿದ. ಮೈ ಮುಟ್ಟಿ ನೋಡಿದರೆ ಕೆಂಡ. ಅವನನ್ನು ಕಳಿಸಿದೆ ಎಂದು ನಿನ್ನನ್ನು ನಾನು ದೂರುವುದಿಲ್ಲ, ಮಿಂಡಿ. ಚೊಚ್ಚಲ ಹೆರಿಗೆಗೆ ತಾಯಿ ಬೇಕೆನ್ನುವುದು ತಪ್ಪಲ್ಲ.

ಅಟ್ಟದ ಮೇಲೆ ಮಲಗಿಸಿದೆ. ಮರುದಿನ ಬೆಳಿಗ್ಗೆ ಗಿರಣಿಯವಳು ಉಪ್ಪು ಕೇಳುವ ನೆಪದಲ್ಲಿ ಬಂದಳು. ನಮ್ಮಲ್ಲೂ ಉಪ್ಪಿಲ್ಲವೆಂದು ಅವಳಿಗೆ ಗೊತ್ತು. ಬಾಗಿಲಲ್ಲೇ ನಿಂತು, ಹಳ್ಳದ ಹತ್ತಿರ ನೀಲಿ ಕೋಟಿನವನೊಬ್ಬ ಕಂಡಿದ್ದಾನಂತೆ, ಕ್ಯಾಪ್ಟನ್ ಪೊಟೀಟ್‌ಗೆ ಸುದ್ದಿ ಮುಟ್ಟಿದೆಯಂತೆ, ಕಣಿವೆಯ ಬಾಯಿಯಿಂದ ಮನೆಮನೆ ಶೋಧಿಸುತ್ತ ಬರುತ್ತಿದ್ದಾರಂತೆ ಎಂದು ಹೇಳಿ ಹೋದಳು. ನನ್ನ ಕಡೆ ನೋಡದೆ ಹೇಳಿದಳು. ಅವಳಿಗೆ ಒಳ್ಳೆಯದಾಗಲಿ.

ಪೊಟೀಟ್ ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಕೂಡುರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡು ತಕ್ಕಡಿಯ ಮೇಲೆ ಬೆರಳು ಒತ್ತುತ್ತಿದ್ದವನು. ಈಗ ದಕ್ಷಿಣ ಸರ್ಕಾರದವರು ಅವನಿಗೆ ಕಾವಲು ಪಡೆಯ ಪಟ್ಟ ಕಟ್ಟಿದ್ದಾರೆ. ಸೈನ್ಯ ಬಿಟ್ಟು ಓಡಿಬಂದವರನ್ನು ಹಿಡಿಯುವುದು, ಹಿಡಿದವರನ್ನು ಕೋರ್ಟಿಗೆ ಒಯ್ಯುವ ಗೋಜಿಲ್ಲದೆ ದಾರಿಯಲ್ಲೇ ಮುಗಿಸುವುದು ಅವನ ಕೆಲಸ. ಐಸಮ್ ಬರೀ ಓಡಿದವನಲ್ಲ. "ದೊಡ್ಡ ಜಮೀನ್ದಾರರು ಗುಲಾಮರನ್ನ ಇಟ್ಕೊಳ್ಳೋಕೆ ನಾನ್ಯಾಕೆ ಸಾಯ್ಲಿ?" ಎಂದು ಊರ ಮುಂದೆ ಹೇಳಿ, ಎದುರು ಸೈನ್ಯ ಸೇರಿದವನು. ಅವನು ಆ ಕೋಟಿನಲ್ಲಿ ಸಿಕ್ಕರೆ ಪೊಟೀಟ್ ಹಗ್ಗವೂ ದಂಡವೆಂದು ನಿಂತಲ್ಲೇ ಗುಂಡು ಹಾರಿಸುತ್ತಿದ್ದ.

ಕೋಟು ಬಿಸಾಡೋಣವೆಂದರೆ ಬೆಟ್ಟದ ಚಳಿ. ಬೇರೆ ಕೊಡೋಣವೆಂದರೆ ಮನೆಯಲ್ಲಿ ಉಣ್ಣೆಯ ಚಿಂದಿ ಇಲ್ಲ. ಕಂಬಳಿಗಳನ್ನೆಲ್ಲ ಚಳಿಗಾಲದಲ್ಲೇ ಸೈನ್ಯಕ್ಕೆಂದು ಇದೇ ಪೊಟೀಟ್ ಎತ್ತಿಕೊಂಡು ಹೋಗಿದ್ದ. ಉಳಿದದ್ದು ಒಂದೇ ದಾರಿ. ಕೋಟಿನ ನೀಲಿಯನ್ನು ಕೊಲ್ಲಬೇಕು. ಅದನ್ನು ಕೊಲ್ಲುವಷ್ಟು ಗಟ್ಟಿ ಬಣ್ಣ ನನ್ನ ಕೈಯಲ್ಲಿದ್ದದ್ದು ಕಪ್ಪು ಓಕ್ ಮರದ ತೊಗಟೆ ಒಂದೇ.

ಐಸಮ್‌ನನ್ನು ದಿಣ್ಣೆಗೆ ಕರೆದುಕೊಂಡು ಹೋಗಿ ಮರದ ಬುಡದ ಪೊಟರೆಯೊಳಗೆ ಸೇರಿಸಿದೆ. ಒಣಕಲು ಕಲ್ಲುನೆಲದಲ್ಲಿ ಒಂಟಿಯಾಗಿ ನಿಂತ ಅದೇ ಮರ. ನಿನ್ನ ಅಪ್ಪ ಎಷ್ಟು ಸಲ ಕಡಿಯಲು ಹೊರಟರು! ಇದರ ಕಾಯಿ ಎರಡು ವರ್ಷ ಮಾಗಿದರೂ ಕಹಿ ಬಿಡುವುದಿಲ್ಲ, ದಿಮ್ಮಿ ಮಾಡೋಣ ಅಂದರೆ ಒಳಗೆ ಟೊಳ್ಳು, ಏನು ಪ್ರಯೋಜನ ಅನ್ನುತ್ತಿದ್ದರು. ಕಾಡುಟರ್ಕಿಗಳಿಗೂ ಜಿಂಕೆಗೂ ನಮ್ಮ ಹಂದಿಗಳಿಗೂ ಆ ಕಹಿಯೇ ಹಬ್ಬ, ನನಗೆ ತೊಗಟೆ ಬೇಕು ಎಂದು ನಾನು ಅಡ್ಡ ನಿಲ್ಲುತ್ತಿದ್ದೆ. ನೀನೂ ಜುಬಲ್ಲೂ ಒಳತೊಗಟೆ ಜಗಿದು ಹಳದಿ ಉಗುಳು ಯಾರು ದೂರ ಉಗುಳುತ್ತೀರೆಂದು ಪಂದ್ಯ ಕಟ್ಟಿ, ಭಾನುವಾರದ ಅಂಗಿಗೆಲ್ಲ ಕಲೆ ಮಾಡಿಕೊಂಡು ನನ್ನ ಕೈಲಿ ಏಟು ತಿಂದದ್ದು ನೆನಪಿದೆಯೇ?

ವಸಂತದಲ್ಲಿ ರಸ ಏರಿದ ಮರ. ಕೊಡಲಿಯ ಮೊನೆ ತಾಗಿಸಿದರೆ ಸಾಕು, ಮೈಗಂಟಿದ ಒದ್ದೆ ಬಟ್ಟೆ ಬಿಚ್ಚಿದ ಹಾಗೆ ತೊಗಟೆ ಬರುತ್ತದೆ. ಹೊರಗೆ ಕಪ್ಪು ಕರಕಲು, ಒಳಗೆ ಮೊಟ್ಟೆಯ ಹಳದಿ ಭಂಡಾರದ ಬಣ್ಣ. ಎಂದಿನಂತಾದರೆ ಬಿದ್ದ ಕೊಂಬೆಯದನ್ನೋ ಬಿಸಿಲ ಬದಿಯ ಒಂದು ಪಟ್ಟಿಯನ್ನೋ ತೆಗೆದು ಬಿಡುತ್ತೇನೆ. ಅಂದು ನಿಲ್ಲಿಸಲಿಲ್ಲ. ಮುಕ್ಕಾಲು ಬೊಡ್ಡೆ ಸುಲಿದೆ. ಒಳಗೆ ಐಸಮ್ ಕೆಮ್ಮು ಅದುಮಿಕೊಂಡು ಕೂತಿದ್ದ, ಹೊರಗೆ ನಾನು ಅವನ ಗೋಡೆಯನ್ನೇ ಸುಲಿಯುತ್ತಿದ್ದೆ.

ಕೆಳಗೆ ಬಂದು ಕೋಟಿನ ಹೊಲಿಗೆ ಬಿಚ್ಚಿ ತೋಳು, ಬೆನ್ನು, ಮುಂಬದಿ ಎಲ್ಲ ಬೇರೆ ಮಾಡಿದೆ. ಹದ್ದಿನ ಗುರುತಿನ ಹಿತ್ತಾಳೆ ಗುಂಡಿಗಳನ್ನು ಜೇನುಪೆಟ್ಟಿಗೆಯೊಳಗೆ ಹಾಕಿದೆ. ಅಲ್ಲಿಗೆ ಕೈ ಹಾಕುವ ಧೈರ್ಯ ಪೊಟೀಟ್‌ಗೂ ಇಲ್ಲ. ತೊಗಟೆ ಕೊಚ್ಚಿ ಹಿತ್ತಾಳೆ ಹಂಡೆಯಲ್ಲಿ ಕಾಯಿಸಿದೆ. ಬಣ್ಣ ಕಚ್ಚಿಸುವ ಪಟಿಕ ಕಂಡು ಎಷ್ಟು ಕಾಲವಾಯಿತೋ, ಹಾಗೇ ಬಟ್ಟೆ ಇಳಿಸಿದೆ. ಮೇಲೆ ಕಾಣಲೆಂದು ಒಂದೆರಡು ಲಡಿ ಬಿಳಿ ನೂಲು ಹಾಕಿದೆ. ನೂಲು ಬಂಗಾರದ ಹಾಗೆ ಹಳದಿಯಾಯಿತು. ಕೋಲಿನಿಂದ ಕೆಳಗಿನದನ್ನು ಎತ್ತಿ ನೋಡಿದೆ. ನೀಲಿಯ ಮೇಲೆ ಹಳದಿ ಕೂತು ಹಸಿರಾಗಿತ್ತು. ಹೊಸ ಚಿಗುರಿನಂಥ ಹಸಿರು.

ನನಗೆ ಬೇಕಾಗಿದ್ದದ್ದು ಕಪ್ಪು. ಪಕ್ಕದ ಮಡಕೆಯಲ್ಲಿ ಹುಳಿನೀರಿನಲ್ಲಿ ಹಳೆಯ ಮೊಳೆ ನೆನೆಹಾಕಿದ ತುಕ್ಕು ನೀರು ಸಿದ್ಧವಿತ್ತು. ಹಳದಿ ಇನ್ನಷ್ಟು ಹಿಡಿಯಲಿ, ಆಮೇಲೆ ಸುರಿಯೋಣ ಎಂದು ಕಾದೆ. ಅಷ್ಟರಲ್ಲಿ ನಾಯಿ ಬೊಗಳಿತು.

ಜುಬಲ್ ಮುಂದೆ ಬಂದದ್ದು ನಿಜ, ಮಿಂಡಿ. ನಮ್ಮನೆ, ನಾನೇ ಮೊದಲು ಹೋಗುತ್ತೇನೆ ಎಂದು ಕೇಳಿಕೊಂಡು ಬಂದಿದ್ದ. ನನಗೆ ಒಂದು ಮಾತು ಹೇಳುವಷ್ಟು ಹೊತ್ತು ಸಿಕ್ಕರೆ ಸಾಕೆಂದು ಕುದುರೆ ಓಡಿಸಿದ್ದ. ಪೊಟೀಟ್ ಪೆದ್ದನಲ್ಲ, ಬೆನ್ನಿಗೇ ಅಂಟಿಕೊಂಡು ಬಂದ. ಈ ಪಡೆಗೆ ಅವನನ್ನು ಸೇರಿಸಿದವಳು ನಾನು. ವರ್ಜೀನಿಯಾದ ಯುದ್ಧಕ್ಕೆ ಎಳೆದುಕೊಂಡು ಹೋಗದಿರಲಿ, ಇರುವ ಒಬ್ಬ ಮಗ ಕಣ್ಣೆದುರು ಇರಲಿ ಎಂದು. ಅದಕ್ಕೆ ಬಯ್ಯಬೇಕಾದರೆ ನನ್ನನ್ನು ಬಯ್ಯಿ.

"ಏನವ್ವ ಹಲ್ಡಾ, ಹಂಡೆ ತುಂಬ ಏನೋ ಬೇಯಿಸ್ತಿದೀಯ," ಅಂದ ಪೊಟೀಟ್, ಕುದುರೆಯಿಂದ ಇಳಿಯುತ್ತ. "ನಮಗೂ ಒಂದು ತುತ್ತು ಸಿಗುತ್ತೋ?"

"ಓಕ್ ತೊಗಟೆ ಕಷಾಯ. ಭೇದಿ ನಿಲ್ಲುತ್ತೆ. ನಿನ್ನ ಹುಡುಗರಿಗೆ ಬೇಕಿದ್ರೆ ಒಂದೊಂದು ಬಟ್ಟಲು ಬಗ್ಗಿಸ್ತೀನಿ."

ಹಿಂದಿದ್ದವರು ನಕ್ಕರು. ಪೊಟೀಟ್ ನಗಲಿಲ್ಲ. "ಅಳಿಯ ಬಂದಿದಾನಂತೆ?"

"ಅಳಿಯ ಬಂದಿದ್ರೆ ಕೋಳಿ ಕೊಯ್ತಿದ್ದೆ. ಅಂಗಳದಲ್ಲಿ ಪುಕ್ಕ ಕಾಣ್ತಿದ್ಯಾ?"

ಒಳಗೆ ನುಗ್ಗಿದರು. ಹಾಸಿಗೆ ಹರಿದರು, ಅಟ್ಟಕ್ಕೆ ಹತ್ತಿದರು, ಮಗ್ಗದ ಮೇಲಿನ ಹಾಸು ಕತ್ತರಿಸಿದರು. ಅಟ್ಟದ ಹುಲ್ಲನ್ನು ಬೆಳಿಗ್ಗೆಯೇ ಕೆದರಿಟ್ಟಿದ್ದೆ, ಯಾರೋ ಮಲಗಿದ ಗುರುತು ಸಿಗಲಿಲ್ಲ. ಪೊಟೀಟ್ ಹಂಡೆಯ ಹತ್ತಿರ ಬಂದು, "ಇದನ್ನ ಎತ್ತು, ನೋಡೋಣ," ಅಂದ.

ನಾನು ಕೋಲಿಗೆ ಕೈ ಚಾಚುವ ಮೊದಲೇ ಜುಬಲ್ ಕೋಲು ತೆಗೆದುಕೊಂಡ. "ನೀನು ಕೂತ್ಕೋ ಅವ್ವ, ನಾನ್ ನೋಡ್ತೀನಿ." ಹಳದಿ ಲಡಿಗಳನ್ನು ಎತ್ತಿ ತೋರಿಸಿದ. "ಇನ್ನೂ ಕೆಳಗೆ," ಅಂದ ಪೊಟೀಟ್. ಜುಬಲ್ ಕೋಲನ್ನು ಆಳಕ್ಕೆ ಇಳಿಸಿದ. ಕೋಟಿನ ಬೆನ್ನಿನ ತುಂಡು ಮೇಲೆ ಬಂತು, ಹಸಿರಾಗಿ, ಹಬೆಯಾಡುತ್ತ.

ಜುಬಲ್ ನನ್ನ ಮುಖ ನೋಡಿದ. ಆ ಹಂಡೆಯ ಪಕ್ಕದಲ್ಲೇ ಬೆಳೆದವನು ಅವನು. ಬರೀ ಓಕ್ ತೊಗಟೆಯಿಂದ ಹಸಿರು ಬರುವುದಿಲ್ಲ, ಅಡಿಯಲ್ಲಿ ನೀಲಿ ಇರಲೇಬೇಕು ಎಂದು ಅವನಿಗೆ ಗೊತ್ತು. ಉತ್ತರದವರು ಬಂದರು ಮುಚ್ಚಿದ ಮೇಲೆ ಈ ಕಣಿವೆಗೆ ನೀಲಿ ಬಣ್ಣದ ಒಂದು ಹರಳೂ ಬಂದಿಲ್ಲವೆಂದೂ ಗೊತ್ತು. ನನ್ನ ಮಗನ ಕಣ್ಣಲ್ಲಿ ಅದೆಲ್ಲ ಒಂದಾದ ಮೇಲೊಂದು ಹಾದುಹೋದದ್ದನ್ನು ನಾನು ಕಂಡೆ. ಆ ಗಳಿಗೆಯಲ್ಲಿ ಅವನು ಏನು ಮಾಡುತ್ತಾನೆಂದು ನನಗೂ ತಿಳಿದಿರಲಿಲ್ಲ, ಮಿಂಡಿ. ಹೆತ್ತವಳಿಗೂ ತಿಳಿದಿರಲಿಲ್ಲ.

ಗಡ್ಡದವನೊಬ್ಬ ಬಗ್ಗಿ ನೋಡಿ, "ನನ್ನ ಹೆಂಡ್ತಿ ಹಸಿರು ಮಾಡ್ಬೇಕಾದ್ರೆ ಮೊದ್ಲು ನೀಲೀಲಿ ಅದ್ದುತಿದ್ಲು. ನಿಮಗೆಲ್ಲಿ ಸಿಕ್ತವ್ವ ನೀಲಿ?" ಅಂದ.

ಜುಬಲ್ ಕೋಲನ್ನು ಹಂಡೆಗೆ ಕುಕ್ಕಿ ನನ್ನ ಮೇಲೆ ಹರಿಹಾಯ್ದ.

"ನೀಲಿ ಎಲ್ಲಿಂದ ಬರುತ್ತಯ್ಯಾ? ಹಂಡೆ ಕಿಲುಬು ಹಿಡಿದಿದೆ ಅಷ್ಟೆ! ಎಷ್ಟು ಸಲ ಬಡ್ಕೊಂಡೆ ಅವ್ವ ನಿಂಗೆ, ಹಿತ್ತಾಳೆ ಉಜ್ಜದೆ ಬಣ್ಣ ಕಾಯಿಸ್ಬೇಡ ಅಂತ? ನೋಡು, ಒಳ್ಳೆ ಬಟ್ಟೇನೆಲ್ಲ ಪಾಚಿ ಮಾಡಿಟ್ಟಿದೀಯ. ಇದನ್ನ ಯಾರು ತೊಡ್ತಾರೆ, ಕಪ್ಪೆಗಳಾ?"

"ವಯಸ್ಸಾಯ್ತಲ್ಲೋ, ಕೈಲಾಗಲ್ಲ," ಅಂದೆ. ನನ್ನ ಧ್ವನಿ ನಡುಗಿತು. ಬೈಸಿಕೊಂಡವಳ ಧ್ವನಿ ನಡುಗುವುದು ಸಹಜವೇ.

"ಕಪ್ಪಾದ್ರೂ ಮಾಡ್ಬಾರ್ದಾ? ಹೊರಗೆ ಹಾಕ್ಕೊಂಡು ಹೋಗೋ ಹಾಗಾಗುತ್ತೆ," ಎನ್ನುತ್ತ ತುಕ್ಕುನೀರಿನ ಮಡಕೆಯನ್ನು ಎತ್ತಿ ಪೂರ್ತಿ ಬೋರಲು ಹಾಕಿದ.

ಓಕ್ ತೊಗಟೆಯ ಒಗರಿಗೆ ಕಬ್ಬಿಣ ಬಿದ್ದರೆ ಏನಾಗುತ್ತದೆಂದು ನಿನಗೆ ಗೊತ್ತು. ಹಂಡೆಯಲ್ಲಿ ಮೋಡ ಕವಿಯಿತು. ಹಳದಿ ಹೋಯಿತು, ಹಸಿರು ಹೋಯಿತು, ಎರಡು ಸಲ ತಿರುವುವಷ್ಟರಲ್ಲಿ ಎಲ್ಲ ಕೊಳೆತ ಎಲೆಯ ಬಣ್ಣಕ್ಕೆ ಇಳಿಯಿತು. ಗಡ್ಡದವನು ಹೆಗಲು ಕುಣಿಸಿ ಆಚೆ ಹೋದ.

ಪೊಟೀಟ್ ಮಾತ್ರ ಕದಲಲಿಲ್ಲ. ಅವನಿಗೆ ಬಣ್ಣ ಗೊತ್ತಿಲ್ಲ, ಮನುಷ್ಯರ ಹೆದರಿಕೆ ಗೊತ್ತು. ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ, ಆಮೇಲೆ ದಿಣ್ಣೆಯ ಕಡೆ ನೋಡಿದ. ನಾನೂ ಅತ್ತ ನೋಡಿದೆ. ಸುಲಿದ ಬೊಡ್ಡೆ ಬಿಸಿಲಿಗೆ ದೀಪ ಹಚ್ಚಿಟ್ಟ ಹಾಗೆ ಹೊಳೆಯುತ್ತಿತ್ತು. ಮೇಲೆ ಮರದ ಪಕ್ಕ ನಿಂತಾಗ ಅದು ಇಷ್ಟು ಕಾಣುತ್ತದೆಂದು ನನಗೆ ಹೊಳೆದಿರಲಿಲ್ಲ. ಒಂದು ಹಿಡಿ ಕೆಸರು ಬಳಿಯಬಹುದಿತ್ತು.

"ಆ ಮರ ಟೊಳ್ಳಲ್ವಾ?" ಅಂದ ಪೊಟೀಟ್. "ಚಿಕ್ಕವನಿದ್ದಾಗ ನಾನೂ ಅಲ್ಲಿ ಅಳಿಲು ಹಿಡಿದಿದೀನಿ. ಯಾರಾದ್ರೂ ಹೋಗಿ ನೋಡಿ ಬನ್ನಿ."

"ನಾನ್ ಹೋಗ್ತೀನಿ," ಅಂದ ಜುಬಲ್. ಯಾರೂ ಮುಂದೆ ಬರುವ ಮೊದಲೇ ಕೋವಿ ಎತ್ತಿಕೊಂಡು ಹೊರಟ.

ಐಸಮ್ ಕಂಡದ್ದು ಇದನ್ನೇ. ಕೋವಿ ಹಿಡಿದ ಜುಬಲ್ ದಿಣ್ಣೆ ಹತ್ತಿ ತನ್ನತ್ತ ಬರುವುದನ್ನು. ಪೊಟರೆಯೊಳಗೆ ಅವನ ಜೀವ ಹೇಗಾಗಿರಬೇಕು! ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮಿಂಡಿ, ದೇವರು ಜುಬಲ್‌ನ ಕಣ್ಣು ಕಟ್ಟಲಿಲ್ಲ. ಐಸಮ್‌ನ ಎಡಗಾಲಿನ ಬೂಟು ಪೊಟರೆಯ ಬಾಯಿಂದ ಹೊರಗೆ ಚಾಚಿತ್ತು. ಜುಬಲ್ ಅದನ್ನು ಕಂಡ, ಆಮೇಲೆ ಅವನೇ ನನಗೆ ಹೇಳಿದ. ಕೆಳಗಿದ್ದವರಿಗೆ ಬೆನ್ನು ಅಡ್ಡ ಕೊಟ್ಟು ನಿಂತು, ಒದ್ದ ಹಾಗೆ ಮಾಡಿ ಒಣ ಎಲೆಗಳನ್ನು ಅದರ ಮೇಲೆ ತಳ್ಳಿದ. ಕಾಲಿನ ಮೇಲೆ ಎಲೆ ಬಿದ್ದದ್ದು ನೆನಪಿದೆಯೇ ಎಂದು ನಿನ್ನ ಗಂಡನನ್ನು ಕೇಳು. ಆಮೇಲೆ ಕೋವಿಯ ಹಿಡಿಯಿಂದ ಬೊಡ್ಡೆಗೆ ಗುದ್ದಿದ. ಮೇಲಿನ ಪೊಟರೆಯಿಂದ ಗೂಬೆಯೊಂದು ಹಾರಿ ಬಿಸಿಲಿಗೆ ತತ್ತರಿಸಿತು.

"ಗೂಬೆ ಬಿಟ್ರೆ ಯಾರೂ ಇಲ್ಲ ಕ್ಯಾಪ್ಟನ್ರೇ!" ಎಂದು ಕೂಗಿದ. "ಅಲ್ಲೇ ಇರು, ನಿನ್ನ ನೆಂಟ್ರು ಕೆಳಗಿದಾರೆ ಅಂತ ಅದಕ್ಕೆ ಹೇಳಿದೀನಿ!"

ಕೆಳಗಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪೊಟೀಟ್‌ನ ಮುಖ ಕಪ್ಪಿಟ್ಟಿತು. ತನ್ನ ಜನರ ಮುಂದೆ ತನ್ನನ್ನು ಯಾರಾದರೂ ನಗೆಪಾಟಲು ಮಾಡಿದರೆ ಅವನು ಸಹಿಸುವುದಿಲ್ಲ.

ಜುಬಲ್ ಇಳಿದು ಬರುವಷ್ಟರಲ್ಲಿ ಪೊಟೀಟ್ ನಮ್ಮ ಬೇಲಿಯ ಮೂಲೆಗೆ ಹೋಗಿ, ಮೇಲಿನ ಅಡ್ಡದಿಮ್ಮಿಯನ್ನು ಇಬ್ಬರಿಂದ ಎತ್ತಿ ಹಿಡಿಸಿದ್ದ. ಹೋದ ಚಳಿಗಾಲದಲ್ಲಿ ಆಚೆ ಕಣಿವೆಯ ಹೆಂಗಸರಿಗೆ ಅವನು ಮಾಡಿದ್ದನ್ನು ನೀನು ಕೇಳಿದ್ದೀಯ. ಬೆರಳುಗಳನ್ನು ಕೆಳಗಿಡಿಸಿ, ದಿಮ್ಮಿಯನ್ನು ಅವುಗಳ ಮೇಲೆ ಬಿಟ್ಟು, ಅದರ ಮೇಲೆ ಒಬ್ಬ ಹತ್ತಿ ಕೂರುವುದು. ಗಂಡ ಎಲ್ಲಿ, ಮಗ ಎಲ್ಲಿ ಎಂದು ಕೇಳುವುದು.

"ಬಾಯಿ ಸುಳ್ಳು ಹೇಳುತ್ತೆ ಹಲ್ಡಾ, ಬೆರಳು ಹೇಳಲ್ಲ," ಅಂದ. "ಬಾ. ಅಳಿಯ ಎಲ್ಲಿ ಅಂತ ಅದನ್ನೇ ಕೇಳೋಣ."

ಇಬ್ಬರು ನನ್ನ ರಟ್ಟೆ ಹಿಡಿದು ಬೇಲಿಯ ಹತ್ತಿರ ಒಯ್ದರು. ದಿಮ್ಮಿಯ ನೆರಳು ನನ್ನ ಕೈಮೇಲೆ ಬಿತ್ತು.

ಮುಂದೆ ಆದದ್ದನ್ನು ಬರೆಯುವುದಿಲ್ಲ. ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ನನ್ನ ಬೆರಳುಗಳು ನೆಟ್ಟಗಿವೆ, ನನ್ನ ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ಐಸಮ್ ಎಲ್ಲಿದ್ದಾನೆಂದು ಆ ಅಂಗಳದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಅವರು ಹೊರಟುಹೋದರು.

ರಸ್ತೆಗೆ ಒಬ್ಬನನ್ನು ಕಾವಲಿಗೆ ಬಿಟ್ಟು ಹೋಗಿದ್ದರಿಂದ ನಾನು ದಿಣ್ಣೆಗೆ ಹೋಗುವ ಹಾಗಿರಲಿಲ್ಲ. ಬಟ್ಟೆ ಒಲೆಯ ಮುಂದೆ ಒಣಗಿಸಿ, ಕೋಟನ್ನು ಮತ್ತೆ ಹೊಲಿದು, ಕೊಂಬಿನ ಗುಂಡಿ ಹಚ್ಚಿದೆ. ಮೊದಲೇ ಮಾತಾಡಿಕೊಂಡಿದ್ದಂತೆ, ಮರುದಿನ ನೀರು ತರುವ ನೆಪದಲ್ಲಿ ಊಟೆಯ ಪಕ್ಕದ ಪೊದೆಯ ಮೇಲೆ ರೊಟ್ಟಿಗಂಟಿನ ಜೊತೆ ಹಾಕಿ ಬಂದೆ. ತಿರುಗಿ ಹೋದಾಗ ಇರಲಿಲ್ಲ. ಅದಕ್ಕೇ ಐಸಮ್‌ಗೆ ನಾನು ಏನನ್ನೂ ಹೇಳಲಾಗಲಿಲ್ಲ. ಅವನು ಕಂಡದ್ದನ್ನಷ್ಟೇ ಹೊತ್ತುಕೊಂಡು ಬೆಟ್ಟ ದಾಟಿದ.

ಮರ ಉಳಿಯುವ ಹಾಗೆ ಕಾಣುವುದಿಲ್ಲ. ಸುಲಿದ ಬದಿಯ ಎಲೆಗಳು ಬೇಸಗೆಯಲ್ಲೇ ಕಂದಿವೆ. ಮೊನ್ನೆ ಹೋಗಿ ಕೆಸರು ಬಳಿದು ಬಂದೆ. ತಡವಾಯಿತು ಎಂದು ಗೊತ್ತಿದ್ದೂ ಬಳಿದೆ. ಗೂಬೆ ಇನ್ನೂ ಅಲ್ಲೇ ಇದೆ.

ನಿನ್ನ ಕಾಗದದ ಆ ಸಾಲಿಗೆ ಇದೇ ನನ್ನ ಉತ್ತರ. ನಿನ್ನ ಮಗಳಿಗೆ ಸೋದರಮಾವ ಇದ್ದಾನೆ. ಅವನ ಹೆಸರನ್ನು ಅವಳ ಕಿವಿಯಲ್ಲಿ ಹೇಳು. ಐಸಮ್‌ಗೂ ಇದನ್ನೆಲ್ಲ ಓದಿ ಹೇಳು. ಅವನು ನಾಚಿಕೊಂಡರೆ ನಾಚಿಕೊಳ್ಳಲಿ ಬಿಡು, ಆದರೆ ನೀನು ಚುಚ್ಚಬೇಡ. ಸಾವಿನ ಬಾಯಲ್ಲಿ ಕೂತವನು ಬೇರೇನು ತಿಳಿದಾನು?

ಮಗುವಿಗೆ ಹೊಟ್ಟೆನೋವು ಬಂದರೆ ಸೋಂಪಿನ ನೀರು ಕುಡಿಸು. ಕಾಲು ಬೆಚ್ಚಗಿಡು. ಎಲ್ಲ ತಣ್ಣಗಾದ ದಿನ ಈ ಮೊಣಕಾಲನ್ನು ಎಳೆದುಕೊಂಡಾದರೂ ಬಂದು ಅವಳನ್ನು ಎತ್ತಿಕೊಳ್ಳುತ್ತೇನೆ.

ನಿನ್ನನ್ನು ಹೆತ್ತ,
ಹಲ್ಡಾ

ಮತ್ತೆ: ಸಹಿ ಹಾಕುವವರೆಗೆ ಜುಬಲ್‌ಗೆ ಕೊಟ್ಟ ಮಾತು ಉಳಿಸಿಕೊಂಡೆ. ಇನ್ನು ಆಗುವುದಿಲ್ಲ. ಬೇಲಿಯ ಹತ್ತಿರ ಜುಬಲ್ ಓಡಿಬಂದು ನನ್ನ ಕೈಯನ್ನು ಎಳೆದು ಹಾಕಿದ. "ಮರ ನೋಡಿ ಬಂದವನು ನಾನು. ನನ್ ಮಾತು ಸುಳ್ಳು ಅನ್ಸಿದ್ರೆ ನನ್ ಕೈ ಇಡಿ, ಅವ್ವಂದಲ್ಲ," ಅಂದ. "ಇಡು ಹಾಗಾದ್ರೆ," ಅಂದ ಪೊಟೀಟ್, "ಮಗನ ಮೂಳೆ ಮುರಿಯೋ ಸದ್ದಿಗೆ ಮುದುಕಿ ಬಾಯಿ ತಾನಾಗೇ ಬಿಡುತ್ತೆ." ಜುಬಲ್ ಬಲಗೈ ಇಟ್ಟ. ನನ್ನನ್ನೇ ನೋಡುತ್ತ, ಬೇಡ ಎನ್ನುವ ಹಾಗೆ ತಲೆ ಆಡಿಸಿದ. ದಿಣ್ಣೆಯ ಕಡೆ ಒಂದು ಸಲ ಬೆರಳು ತೋರಿಸಿದ್ದರೆ ನಿಲ್ಲುತ್ತಿತ್ತು, ಮಿಂಡಿ. ನಾನು ತೋರಿಸಲಿಲ್ಲ. ಬಾಯಿಗೆ ಏಪ್ರನ್ನಿನ ಅಂಚು ತುರುಕಿಕೊಂಡು ನಿಂತಿದ್ದೆ. ಕೊನೆಗೆ ಆ ಗಡ್ಡದವನೇ ಸಾಕು ಕ್ಯಾಪ್ಟನ್ ಎಂದು ದಿಮ್ಮಿ ಎತ್ತಿದ. ಬೆರಳುಗಳಲ್ಲಿ ಹೆಬ್ಬೆರಳು ಬಿಟ್ಟು ಯಾವುದೂ ಉಳಿಯಲಿಲ್ಲ. ಓಕ್ ತೊಗಟೆಯ ನೀರಿನಲ್ಲೇ ತೊಳೆದು ತೊಳೆದು ಕೀವು ನಿಲ್ಲಿಸಿದೆ. ಕೋವಿ ಹಿಡಿಯಲಾಗದವನು ಪಡೆಗೆ ಬೇಡವಾದ. ಇಲ್ಲಿ ಇದ್ದರೆ ಪೊಟೀಟ್ ಮತ್ತೆ ಬರುತ್ತಾನೆ, ಅದಕ್ಕೇ ಕಳಿಸಿದ್ದೇನೆ. ಈ ಕಾಗದ ತಂದು ಚಿಕ್ಕಮ್ಮನ ಕೈಗೆ ಕೊಟ್ಟವನು ಅವನೇ. ಅಕ್ಕ ನನ್ನ ಮುಖ ನೋಡಲ್ಲ, ಕೊಟ್ಟು ಹಾಗೇ ಮುಂದೆ ಹೋಗ್ತೀನಿ ಅಂದ. ಓದಿ ಮುಗಿಸುವವರೆಗೆ ಗೇಟಿನ ಆಚೆ ನಿಂತಿರು ಎಂದು ಆಣೆ ಹಾಕಿಸಿಕೊಂಡಿದ್ದೇನೆ. ನಿಂತಿರುತ್ತಾನೆ. ಕೈ ಗಿರಣಿಗೆ ಸಿಕ್ಕಿತು ಎಂದು ಸುಳ್ಳು ಹೇಳುತ್ತಾನೆ, ನಂಬಿದ ಹಾಗೆ ಮಾಡು. ಒಳಗೆ ಕರೆದು ಕೂರಿಸು. ರೊಟ್ಟಿಯನ್ನು ನೀನೇ ಮುರಿದು ಕೊಡು; ಒಂದು ಕೈಯಲ್ಲಿ ಮುರಿಯುವುದನ್ನು ಅವನಿನ್ನೂ ಕಲಿತಿಲ್ಲ.